ಹದಿನೆಂಟರ ಗೆರೆ

ನೀರನ್ನು ಓಡಿಸುವುದು ನನ್ನ ಕೆಲಸ.
ಮೂವತ್ತೊಂದು ವರ್ಷದಿಂದ ಅದೇ.
ಉಕ್ಕಿನ ಪೆಟ್ಟಿಗೆಗೆ ಬಿಸಿಪಟ್ಟಿ ಸುತ್ತಿ
ಮೂರು ಹಗಲು ಮೂರು ಇರುಳು ಬೇಯಿಸುತ್ತೇನೆ,
ಪಂಪು ಗೊರಕೆ ಹೊಡೆಯುತ್ತಿರುತ್ತದೆ.
ಗಾಳಿ ಮರ್ಯಾದಸ್ಥ, ಹೇಳಿದರೆ ಹೋಗುತ್ತದೆ.
ನೀರು ಗೋಡೆಗಂಟಿ ಕೂತ ನೆಂಟ,
ಏಳು ಅಂದರೆ ಇನ್ನೊಂದು ಲೋಟ ಕೇಳುವ ಜಾತಿ.
ಪರದೆಯಲ್ಲಿ ಹದಿನೆಂಟು ಎಂಬ ಅಂಕಿಯ ಮೇಲೆ
ಒಂದು ಗೆರೆ ನಿಂತೇ ಇರುತ್ತದೆ:
ನೀರಿನ ತೂಕ ಅದು, ನೀರಿನ ಹೆಬ್ಬೆಟ್ಟು.

ಇಷ್ಟು ಒಣಗಿಸಿದ ಮೇಲೆ ಬರುತ್ತಾಳೆ ಬೋಗೊಮಿಲಾ,
ಕೈಯಲ್ಲೊಂದು ಸೀಸೆ.
ಒಳಗೆ ನೀರು ಬಿಡಬೇಕಂತೆ!
"ಎಣಿಸಿ ಬಿಡುತ್ತೇನೆ, ಸ್ಟೋಯಾನ್.
ಒಂದು ಅಣು, ಎರಡು, ಮೂರು."

ಯುರಾಸಿಲ್ ಅಂತ ಬಿಳಿ ಪುಡಿ,
ಜೀವದ ಬರಹದ ಒಂದೇ ಒಂದು ಅಕ್ಷರ.
ಕಾಸಿ, ಹಬೆ ಮಾಡಿ, ಕಿರಣದ ಬಾಯಿಗೆ ಕೊಡುತ್ತಾಳೆ.
ಒಣಗಿದ ಅಕ್ಷರ ಒಂದೇ ಪೆಟ್ಟಿಗೆ ಚೂರು.
ಸುತ್ತ ನಾಲ್ಕು ನೀರು ಕೂತಿದ್ದರೆ
ಪೆಟ್ಟಿನ ಕಾವನ್ನು ಅವು ಹೊತ್ತುಕೊಂಡು
ಒಂದೊಂದಾಗಿ ಹಾರಿಹೋಗುತ್ತವೆ.
ಅಕ್ಷರ ಉಳಿಯುತ್ತದೆ,
ಒದ್ದೆಯಾಗಿ, ನಡುಗುತ್ತ.

ನನ್ನ ನೋನಾ ಕೇಳಿದ್ದರೆ ನಗುತ್ತಿದ್ದಳು.
ನಮ್ಮ ಕ್ರಾಸ್ ಸೀಮೆ ಬರೀ ಸುಣ್ಣಕಲ್ಲು,
ಹೊಳೆ ಒಂದು ಗುಹೆಯಲ್ಲಿ ಇಳಿದುಹೋದರೆ
ಕಡಲ ಹತ್ತಿರವೇ ಮತ್ತೆ ತಲೆಯೆತ್ತುವುದು,
ನಡುವೆ ಅದು ಎಲ್ಲಿ ಏನು ಮಾಡಿತೋ ಯಾರು ಕಂಡರು.
ಸೂರಿನ ಮಳೆಯನ್ನು ಕಲ್ಲಿನ ತೊಟ್ಟಿಗೆ ಇಳಿಸಿ
ಮುಚ್ಚಳಕ್ಕೆ ಬೀಗ ಹಾಕಿ ಕೀಲಿ ಸೊಂಟಕ್ಕೆ.
ಮುಖ ತೊಳೆದ ನೀರು ಕೋಸಿಗೆ,
ಕೋಸು ತೊಳೆದದ್ದು ಹಂದಿಗೆ.
ಅದೇ ನೀರು ಅಡಿಯಲ್ಲಿ ಸದ್ದಿಲ್ಲದೆ ಕಲ್ಲು ತಿಂದು ತಿಂದು
ಒಂದು ಬೆಳಗ್ಗೆ ಪಕ್ಕದ ಮನೆಯ ಕತ್ತೆ,
ಕಟ್ಟಿದ ಗೂಟದ ಸಮೇತ, ಇಲ್ಲ.
ಗುಂಡಿಯೊಳಗಿಂದ ಬಹಳ ಹೊತ್ತು ಕೂಗುತ್ತಿತ್ತು.

ಚಳಿಗಾಲದಲ್ಲಿ ಬೋಗೊಮಿಲಾ ಇನ್ನೊಂದು ಸುದ್ದಿ ತಂದಳು.
ಪೆಟ್ಟು ನೀರಿಗೇ ಬಿದ್ದರೆ
ನೀರು ಅದನ್ನು ನುಂಗಿ ಸುಮ್ಮನಿರುವುದಿಲ್ಲ,
ಪಕ್ಕದವನಿಗೆ ದಾಟಿಸುತ್ತದೆ,
ಪಕ್ಕದವನು ಒಂದು ಎಲೆಕ್ಟ್ರಾನನ್ನು ಉಗಿಯುತ್ತಾನೆ.
ಅವಸರವಿಲ್ಲದ, ಸಣ್ಣ, ಸಾಧು ಎಲೆಕ್ಟ್ರಾನು
ಹೋಗಿ ಅಕ್ಷರದ ಬೆನ್ನು ಮುರಿಯುತ್ತದೆ.
ನೀರೇ ಎರಡಾಗಿ ಸೀಳಿದ್ದೂ ಉಂಟು,
ಜೋಡಿ ಕಳಕೊಂಡ ತುಂಡು
ಹಸಿದು, ಸಿಕ್ಕಿದ್ದಕ್ಕೆ ಬಾಯಿ ಹಾಕುತ್ತದೆ.
ಬೇಲಿಯೇ ಹೊಲಕ್ಕಿಳಿಯಿತಲ್ಲ ಅಂದೆ.
ಅವಳು ಬರೆದುಕೊಳ್ಳುತ್ತಿದ್ದಳು.

ಏಪ್ರಿಲಿನಲ್ಲಿ ನನ್ನ ಸರದಿ.
ಟ್ರಿಯೆಸ್ಟೆಯ ಆಸ್ಪತ್ರೆ, ನೆಲಮಾಳಿಗೆ, ಮೂವತ್ತೇಳು ದಿನ.
ನರ್ಸ್ ಫುಲ್ವಿಯಾ ಹೇಳಿದಳು:
"ಅರ್ಧ ಲೀಟರು ನೀರು ಕುಡಿದು ಬನ್ನಿ, ತಡಕೊಳ್ಳಿ.
ಮೂತ್ರಕೋಶ ತುಂಬಿದ್ದರೆ
ಕರುಳು ಕಿರಣದ ದಾರಿ ಬಿಟ್ಟು ಮೇಲೆ ಸರಿಯುತ್ತದೆ."

ಹಾಗಾಗಿ ಬೆಂಚಿನ ಮೇಲೆ ನಾವು ನಾಲ್ವರು:
ಬಂದರಿನಲ್ಲಿ ಕ್ರೇನು ನಡೆಸಿದವ, ಒಬ್ಬ ಪಾದ್ರಿ,
ಬ್ರೆಡ್ಡಿನಂಗಡಿಯವ, ನಾನು,
ಶಾಲೆಯ ಹುಡುಗರಂತೆ ಮೊಣಕಾಲು ಒತ್ತಿಕೊಂಡು.
ಮೇಲೆ ಬೋರಾ ಗಾಳಿ ಬಾಗಿಲು ಬಡಿಯುತ್ತಿದೆ.
ಯಾರೂ ಜೋಕು ಹೇಳುವುದಿಲ್ಲ.
ನಕ್ಕರೆ ಅಪಾಯ.

ಯಂತ್ರ ಸುತ್ತುವಾಗ ಅಲುಗಾಡಬಾರದು.
ಯೋಚಿಸಬಹುದು.
ಗಂಟೂ ನೀರೇ ಹೆಚ್ಚುಕಡಿಮೆ.
ಕಿರಣ ಅಲ್ಲಿ ನೀರನ್ನು ಸೀಳಬೇಕು,
ಹಸಿದ ತುಂಡುಗಳು ಅದರ ಬರಹವನ್ನು ಹರಿಯಬೇಕು.
ಇತ್ತ ಬೆರಳಗಲ ಮೇಲೆ, ನಾನು ಕುಡಿದ ನಲ್ಲಿ ನೀರು
ಕರುಳನ್ನು ಎತ್ತಿ ಹಿಡಿದು ನಿಂತಿದೆ,
ಕಷ್ಟದಿಂದ.

ಕೆಲಸಕ್ಕೆ ಮರಳಿದ ದಿನ ಕೇಳಿದೆ,
ನೀರು ನಮ್ಮ ಕಡೆಯೋ, ಅವರ ಕಡೆಯೋ?
ಬೋಗೊಮಿಲಾ ಕನ್ನಡಕ ಒರೆಸಿಕೊಂಡಳು.
"ಎಷ್ಟು ನೀರು? ಪೆಟ್ಟು ಮೊದಲು ಬಿದ್ದದ್ದು ಯಾರಿಗೆ?
ಅದು ಹೇಳಿ, ಆಮೇಲೆ ಹೇಳುತ್ತೇನೆ."

ಈ ರಾತ್ರಿ ಮತ್ತೆ ಪೆಟ್ಟಿಗೆ ಬೇಯುತ್ತಿದೆ.
ಎಲ್ಲ ಗೆರೆಗಳೂ ಮಲಗಿವೆ, ಹದಿನೆಂಟರದ್ದು ಬಿಟ್ಟು.
ಹಿಂದೆಲ್ಲ ಬಯ್ಯುತ್ತಿದ್ದೆ.
ಇವತ್ತು, ಸ್ವಲ್ಪ ನೋಡಿಕೋ ಅಂತ ಅದಕ್ಕೇ ಹೇಳಿ
ಅರ್ಧ ತಾಸಿಗೊಮ್ಮೆ ಎದ್ದು ಹೋಗುತ್ತೇನೆ.